ಈ ಸುದ್ದಿಯಿಂದ ನನ್ನ ಯಾವ ರಾತ್ರಿ ಹಾಳಾಗುತ್ತದೆ?

ರಾತ್ರಿಪಾಳಿ:
ಹದಿನಾಲ್ಕು ವರ್ಷದಿಂದ ಸರ್ವರ್ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಎದ್ದ ತಕ್ಷಣ ಟೆಕ್ ಸುದ್ದಿ ಓದುವ ಚಟ. ಮೊದಲು ಎಲ್ಲವನ್ನೂ ಓದುತ್ತಿದ್ದೆ. ಹೊಸ ಚಿಪ್, ಹೊಸ ಭಾಷೆ, ಯಾರು ಯಾರನ್ನು ಕೊಂಡುಕೊಂಡರು, ಎಲ್ಲ. ಈಗ ಪ್ರತಿ ಸುದ್ದಿಗೂ ಒಂದೇ ಪ್ರಶ್ನೆ ಕೇಳುತ್ತೇನೆ. ಇದರಿಂದ ನನ್ನ ಯಾವ ರಾತ್ರಿ ಹಾಳಾಗುತ್ತದೆ? ಇವತ್ತಿನದಾ, ಮುಂದಿನ ವರ್ಷದ್ದಾ, ಯಾವುದೂ ಇಲ್ಲವಾ? ಯಾವುದೂ ಇಲ್ಲ ಅಂದರೆ ಸುಮ್ನೆ ಮುಂದಕ್ಕೆ ಹೋಗುತ್ತೇನೆ.

ಹೀಗೆ ಓದಲು ಶುರುಮಾಡಿದ ಮೇಲೆ ಗೊತ್ತಾಗಿದ್ದು ಏನೆಂದರೆ, ನನ್ನ ನಿದ್ದೆ ಕೆಡಿಸುವ ಸುದ್ದಿ ಮುಖಪುಟದಲ್ಲಿ ಬರುವುದೇ ಅಪರೂಪ. 2025ರ ಏಪ್ರಿಲ್‌ನಲ್ಲಿ ಅಂಥದ್ದೊಂದು ಬಂತು. ಬ್ರೌಸರ್ ಕಂಪನಿಗಳು ಮತ್ತು ಸರ್ಟಿಫಿಕೇಟ್ ಕೊಡುವ ಸಂಸ್ಥೆಗಳು ಸೇರಿ ಮತ ಹಾಕಿದವು. ವೆಬ್‌ಸೈಟ್ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಗುರುತಿನ ಚೀಟಿ, ಅಂದರೆ ಟಿಎಲ್‌ಎಸ್ ಸರ್ಟಿಫಿಕೇಟ್, ಹೆಚ್ಚೆಂದರೆ 398 ದಿನ ನಡೆಯುತ್ತಿತ್ತು. ಅದು 2026ರ ಮಾರ್ಚ್ 15ರಿಂದ 200 ದಿನ, ಮರುವರ್ಷ ಅದೇ ದಿನದಿಂದ 100, 2029ರ ಮಾರ್ಚ್ 15ರಿಂದ ಬರೀ 47. ವರ್ಷಕ್ಕೊಮ್ಮೆ ಕೈಯಿಂದ ಮಾಡುತ್ತಿದ್ದ ಕೆಲಸವನ್ನು ಇನ್ನು ವರ್ಷಕ್ಕೆ ಎಂಟು ಸಲ ಮಾಡಬೇಕು. ಅದರ ಜೊತೆಗೆ 2025ರ ಜೂನ್‌ನಲ್ಲಿ ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ 'ನಿಮ್ಮ ಸರ್ಟಿಫಿಕೇಟ್ ಮುಗಿಯುತ್ತಿದೆ' ಎಂಬ ಇಮೇಲ್ ಕಳಿಸುವುದನ್ನೂ ನಿಲ್ಲಿಸಿತು. ನನಗೆ ಎಷ್ಟೋ ಸಲ ಆ ಇಮೇಲೇ ಅಲಾರಾಂ ಆಗಿತ್ತು.

'ಆಟೊಮೇಟ್ ಮಾಡಿದರೆ ಮುಗಿಯಿತಲ್ಲ' ಅಂತ ನಾನೂ ಅಂದುಕೊಂಡಿದ್ದೆ. ಒಂದು ಭಾನುವಾರ ಬೆಳಗಿನ ಜಾವ ಫೋನ್ ಬಂತು. ಸೈಟ್ ತೆರೆದರೆ ಕೆಂಪು ಎಚ್ಚರಿಕೆ. ಕಣ್ಣುಜ್ಜಿಕೊಂಡು ಸರ್ವರ್‌ಗೆ ಹೋದೆ. ಸರ್ಟಿಫಿಕೇಟ್ ಫೈಲ್ ನೋಡಿದರೆ ಇನ್ನೂ ಎರಡು ತಿಂಗಳು ಬಾಕಿ ಇದೆ. ಬ್ರೌಸರ್ ಮಾತ್ರ 'ರಾತ್ರಿಯೇ ಮುಗಿಯಿತು' ಅನ್ನುತ್ತಿದೆ. ತಪ್ಪು ಸರ್ವರ್‌ಗೆ ಬಂದಿದ್ದೇನಾ ಅಂತ ಹೆಸರನ್ನು ಮೂರು ಸಲ ಓದಿದೆ. ಸರಿಯಾಗಿಯೇ ಇದೆ. ಕೊನೆಗೆ ಹೊಳೆಯಿತು. ಸ್ಕ್ರಿಪ್ಟ್ ತಿಂಗಳ ಹಿಂದೆಯೇ ಹೊಸ ಫೈಲ್ ತಂದಿಟ್ಟಿತ್ತು. ಆದರೆ ವೆಬ್ ಸರ್ವರ್‌ಗೆ ರೀಲೋಡ್ ಆಗು ಅಂತ ಯಾರೂ ಹೇಳಿರಲಿಲ್ಲ. ಅದು ಮೆಮೊರಿಯಲ್ಲಿದ್ದ ಹಳೆಯದನ್ನೇ ಹಿಡಿದುಕೊಂಡು ಮೂವತ್ತು ದಿನ ಕೂತಿತ್ತು. ಒಂದು ರೀಲೋಡ್, ಎರಡು ಸೆಕೆಂಡ್, ಎಲ್ಲ ಸರಿಹೋಯಿತು. ಅವತ್ತಿನಿಂದ ನನ್ನ ಮಾನಿಟರಿಂಗ್ ಫೈಲ್ ನೋಡುವುದಿಲ್ಲ. ಹೊರಗಿನಿಂದ 443ನೇ ಪೋರ್ಟ್‌ಗೆ (ಸುರಕ್ಷಿತ ವೆಬ್‌ಸೈಟ್‌ನ ಬಾಗಿಲು) ಹೋಗಿ, ಅಲ್ಲಿ ಏನು ಕೊಡುತ್ತಾರೋ ಅದರ ತಾರೀಖು ನೋಡುತ್ತದೆ.

ನಿಮ್ಮ ನಿದ್ದೆ ಕೆಡಿಸಿದ್ದು ಯಾವುದು? ದೊಡ್ಡದೇ ಆಗಬೇಕಿಲ್ಲ.

ಕಪ್ಪುಪರದೆ:
ಹಳೆಯದನ್ನೇ ಹಿಡಿದುಕೊಂಡು ಕೂರುವ ಪ್ರೋಗ್ರಾಂ ಅಂದಿರಲ್ಲ, ನನ್ನದೂ ಅದೇ ಜಾತಿ. ಡಿಸ್ಕ್ ನೂರಕ್ಕೆ ನೂರು ಫುಲ್ ಅಂತ ಅಲರ್ಟ್ ಬಂತು. ನಮ್ಮ ಹುಡುಗ ಹೋಗಿ 60 ಜಿಬಿ ಲಾಗ್ ಫೈಲ್ ಒಂದನ್ನು ಅಳಿಸಿದ. ಡಿಸ್ಕ್‌ನಲ್ಲಿ ಎಷ್ಟು ಜಾಗ ಉಳಿದಿದೆ ಅಂತ ಹೇಳುವ ಡಿಎಫ್ ಕಮಾಂಡ್ ಹೊಡೆದರೆ ಇನ್ನೂ ಫುಲ್. ಫೈಲ್‌ಗಳ ಗಾತ್ರ ಕೂಡಿಸಿ ಹೇಳುವ ಡಿಯು ಹೊಡೆದರೆ ಅರ್ಧ ಖಾಲಿ. ಒಂದೇ ಡಿಸ್ಕ್, ಎರಡು ಲೆಕ್ಕ! ಅವನು ಬೆವತುಹೋಗಿದ್ದ. ಇನ್ನಷ್ಟು ಅಳಿಸಲು ಹೊರಟಿದ್ದವನನ್ನು ಕೈಹಿಡಿದು ನಿಲ್ಲಿಸಿದೆ.

ಲಿನಕ್ಸ್‌ನಲ್ಲಿ ಫೈಲ್ ಅಳಿಸಿದರೆ ಹೋಗುವುದು ಹೆಸರು ಮಾತ್ರ. ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದಿಟ್ಟುಕೊಂಡಿದ್ದರೆ ಜಾಗ ಬಿಡುಗಡೆ ಆಗುವುದಿಲ್ಲ. ತೆರೆದಿರುವ ಫೈಲ್‌ಗಳನ್ನು ಪಟ್ಟಿಮಾಡುವ ಎಲ್‌ಎಸ್‌ಒಎಫ್ ಓಡಿಸಿ 'ಡಿಲೀಟೆಡ್' ಅಂತ ಇರುವ ಸಾಲು ಹುಡುಕಿದರೆ ಕಳ್ಳ ಸಿಗುತ್ತಾನೆ. ಆ ಸರ್ವಿಸ್ ರೀಸ್ಟಾರ್ಟ್ ಮಾಡಿದ ಕೂಡಲೇ 60 ಜಿಬಿ ವಾಪಸ್ ಬಂತು. ಓಡುತ್ತಿರುವ ಪ್ರೋಗ್ರಾಂನ ಲಾಗ್ ಆದರೆ ಅಳಿಸಬೇಡಿ, ಖಾಲಿ ಮಾಡಿ. ಟ್ರಂಕೇಟ್ ಇರುವುದೇ ಅದಕ್ಕೆ.

ಇನ್ನೊಂದು. ಜಾಗ ಇದೆ, ಆದರೂ 'ಜಾಗ ಇಲ್ಲ' ಅನ್ನುತ್ತಿದೆಯಾ? ಐನೋಡ್, ಅಂದರೆ ಪ್ರತಿ ಫೈಲ್‌ಗೂ ಒಂದರಂತೆ ಬೇಕಾಗುವ ದಾಖಲೆ, ಮುಗಿದಿರುತ್ತದೆ. ಡಿಎಫ್‌ಗೆ ಐ ಆಪ್ಷನ್ ಹಾಕಿ ನೋಡಿ. ಯಾವುದೋ ಫೋಲ್ಡರ್‌ನಲ್ಲಿ ಲಕ್ಷಗಟ್ಟಲೆ ಪುಟಾಣಿ ಸೆಷನ್ ಫೈಲ್‌ಗಳು ತುಂಬಿಕೊಂಡಿರುತ್ತವೆ.

ಹೊಸಬ_01:
ಅಣ್ಣ, ಒಂದು ದಡ್ಡ ಪ್ರಶ್ನೆ. ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಒಬ್ಬ ಸೀನಿಯರ್ 'ಪ್ಯಾಚ್ (ಸಾಫ್ಟ್‌ವೇರ್‌ನ ತೂತು ಮುಚ್ಚುವ ತಿದ್ದುಪಡಿ) ಬಂದ ದಿನವೇ ಹಾಕು' ಅನ್ನುತ್ತಾರೆ. ಇನ್ನೊಬ್ಬರು 'ಎರಡು ವಾರ ತಡಿ, ಬೇರೆಯವರು ಹಾಕಿ ನೋಡಲಿ' ಅನ್ನುತ್ತಾರೆ. ಇಬ್ಬರೂ ಅನುಭವಸ್ಥರು. ಯಾರ ಮಾತು ಕೇಳಲಿ?

ರಾತ್ರಿಪಾಳಿ:
ದಡ್ಡ ಪ್ರಶ್ನೆ ಅಲ್ಲ ತಮ್ಮಾ. ಇಬ್ಬರೂ ಕೈ ಸುಟ್ಟುಕೊಂಡವರೇ, ಬೇರೆ ಬೇರೆ ಒಲೆಯಲ್ಲಿ.

'ಇವತ್ತೇ ಹಾಕು' ಅನ್ನುವವರು 2021ರ ಡಿಸೆಂಬರ್ ನೋಡಿರಬೇಕು. ಲಾಗ್4ಜೆ ಅಂತ ಜಾವಾ ಪ್ರೋಗ್ರಾಂಗಳು ಲಾಗ್ ಬರೆಯಲು ಬಳಸುವ ಲೈಬ್ರರಿ. ಲಾಗ್‌ನಲ್ಲಿ ಒಂದು ನಿರ್ದಿಷ್ಟ ಬಗೆಯ ಸಾಲು ಬಂದರೆ ಅದು ಅದನ್ನು ಬರೆದು ಸುಮ್ಮನಿರುತ್ತಿರಲಿಲ್ಲ. ಆ ಸಾಲು ಹೇಳಿದ ವಿಳಾಸಕ್ಕೆ ಹೋಗಿ ಕೋಡ್ ತಂದು ಓಡಿಸುತ್ತಿತ್ತು. ಅಂದರೆ ಲಾಗಿನ್ ಪೆಟ್ಟಿಗೆಯಲ್ಲಿ ಯಾರೋ ಒಂದು ಸಾಲು ಟೈಪ್ ಮಾಡಿದರೆ ಸಾಕು, ಸರ್ವರ್ ಅವರ ಕೈಗೆ. ಅಪಾಯದ ಅಂಕ ಹತ್ತಕ್ಕೆ ಹತ್ತು. ತಿದ್ದಿದ ಆವೃತ್ತಿ 2.15 ಬಂತು, ಅದರಲ್ಲೂ ತೂತು. 2.16 ಬಂತು, ಆಮೇಲೆ 2.17. ಪ್ಯಾಚ್ ಹಾಕುವುದು ಅಷ್ಟೇನೂ ಕಷ್ಟ ಇರಲಿಲ್ಲ. ಈ ಲೈಬ್ರರಿ ನಮ್ಮಲ್ಲಿ ಎಲ್ಲೆಲ್ಲಿದೆ ಅಂತ ಹುಡುಕುವುದೇ ಕಷ್ಟ. ಜಾವಾ ಕೋಡ್ ಕಟ್ಟಿಡುವ ಜಾರ್ ಫೈಲ್ ಒಳಗೆ ಜಾರ್, ಅದರೊಳಗೆ ಇನ್ನೊಂದು. ನಮ್ಮ ಪಟ್ಟಿಯಲ್ಲಿ ಎಲ್ಲ ಮುಗಿಯಿತು ಅಂತ ಮಲಗಿದ ಮೇಲೆ, ಪ್ರಿಂಟರ್ ನೋಡಿಕೊಳ್ಳುವ ಒಂದು ಸಾಫ್ಟ್‌ವೇರ್ ಒಳಗೆ ಸಿಕ್ಕಿತು. ಅದನ್ನು ಯಾರು ಹಾಕಿದ್ದರು ಅಂತಲೇ ಯಾರಿಗೂ ನೆನಪಿರಲಿಲ್ಲ.

'ತಡಿ' ಅನ್ನುವವರು 2024ರವರು. ಮಾರ್ಚ್ 29ರಂದು ಫೈಲ್ ಕುಗ್ಗಿಸುವ ಎಕ್ಸ್‌ಜೆಡ್ ಲೈಬ್ರರಿಯ ಸುದ್ದಿ ಬಂತು. ನನ್ನ ಪ್ರಕಾರ ಇದು ಈ ಹತ್ತು ವರ್ಷದಲ್ಲೇ ಅತಿ ಮುಖ್ಯ ಸುದ್ದಿ. ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಡೆಬಿಯನ್ (ಲಿನಕ್ಸ್‌ನ ಒಂದು ಬಗೆ) ಹಾಕಿದ ತನ್ನ ಯಂತ್ರದಲ್ಲಿ ಏನೋ ವೇಗ ಅಳೆಯುತ್ತಿದ್ದರು. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಒಳಹೋಗುವ ಎಸ್‌ಎಸ್‌ಎಚ್ ಲಾಗಿನ್ 0.3 ಸೆಕೆಂಡ್ ತೆಗೆದುಕೊಳ್ಳುತ್ತಿದ್ದದ್ದು 0.8 ಸೆಕೆಂಡ್ ಆಗಿತ್ತು. ಅರ್ಧ ಸೆಕೆಂಡ್! ನಾವಾದರೆ 'ನೆಟ್‌ವರ್ಕ್ ಇರಬೇಕು ಬಿಡು' ಅನ್ನುತ್ತಿದ್ದೆವು. ಅವರು ಬಿಡಲಿಲ್ಲ. ಅಗೆದು ನೋಡಿದರೆ ಎಕ್ಸ್‌ಜೆಡ್ ಕಂಪ್ರೆಷನ್ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು. ಅದನ್ನು ಇಟ್ಟಿದ್ದು 'ಜಿಯಾ ಟಾನ್' ಹೆಸರಿನ ಖಾತೆ. ಎರಡು ವರ್ಷಕ್ಕೂ ಜಾಸ್ತಿ ಒಳ್ಳೆಯ ಕೆಲಸ ಮಾಡಿ, ನಂಬಿಕೆ ಗಳಿಸಿ, ಆ ಪ್ರಾಜೆಕ್ಟ್ ನೋಡಿಕೊಳ್ಳುವ ಹಕ್ಕನ್ನೇ ಪಡೆದಿದ್ದ ಖಾತೆ ಅದು. ಕೇಡು ಸೇರಿದ್ದು ಡೆಬಿಯನ್‌ನ ಟೆಸ್ಟಿಂಗ್ ಮತ್ತು ಅನ್‌ಸ್ಟೇಬಲ್, ಇನ್ನೊಂದು ಲಿನಕ್ಸ್ ಆದ ಫೆಡೋರಾದ ಮುಂದಿನ ಆವೃತ್ತಿಯಂಥ ಹೊಸತನ್ನು ಬೇಗ ತರುವ ಕಡೆಗಳಲ್ಲಿ. ಹಳೆಯ ಸ್ಟೇಬಲ್‌ನಲ್ಲಿ ಇದ್ದವರಿಗೆ ಏನೂ ಆಗಲಿಲ್ಲ.

ಅದೇ ವರ್ಷ ಜುಲೈ 19, ಶುಕ್ರವಾರ, ಭದ್ರತಾ ಸಾಫ್ಟ್‌ವೇರ್ ಕಂಪನಿ ಕ್ರೌಡ್‌ಸ್ಟ್ರೈಕ್. ಒಂದು ಕೆಟ್ಟ ಅಪ್‌ಡೇಟ್ ಹೊರಗೆ ಇದ್ದದ್ದು ಬರೀ 78 ನಿಮಿಷ. ಅಷ್ಟರಲ್ಲಿ 85 ಲಕ್ಷ ವಿಂಡೋಸ್ ಯಂತ್ರಗಳಿಗೆ ನೀಲಿ ಪರದೆ. ಕಾರಣ ಕೇಳಿದರೆ ನಗು ಬರುತ್ತದೆ. ನಿಯಮದ ಪಟ್ಟಿ 21 ಖಾನೆ ಇದೆ ಅಂದುಕೊಂಡಿತ್ತು, ಓದುವ ಕೋಡ್‌ಗೆ ಸಿಗುತ್ತಿದ್ದದ್ದು 20. ಇಲ್ಲದ 21ನೇ ಖಾನೆಗೆ ಕೈ ಹಾಕಿತು, ಅದೂ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಒಳಗೆ ಕೂತು. ತಿದ್ದುವುದು ಸುಲಭ, ಸೇಫ್ ಮೋಡ್‌ಗೆ ಹೋಗಿ ಒಂದು ಫೈಲ್ ಅಳಿಸಿದರಾಯಿತು. ಆದರೆ ಅದನ್ನು ಎಷ್ಟೋ ಕಡೆ ಒಂದೊಂದೇ ಯಂತ್ರದ ಮುಂದೆ ನಿಂತು ಮಾಡಬೇಕಾಯಿತು.

ನಾನು ಮಾಡುವುದು ಹೀಗೆ. ಇಂಟರ್ನೆಟ್‌ಗೆ ಮುಖ ಮಾಡಿ ನಿಂತಿರುವುದರಲ್ಲಿ ತೂತು ಸಿಕ್ಕಿದೆ ಅಂದರೆ ಅವತ್ತೇ ಪ್ಯಾಚ್. ಊಟ ಬಿಟ್ಟಾದರೂ. ಕರ್ನಲ್‌ಗೆ ಕೈ ಹಾಕುವುದು ಯಾವುದೇ ಇರಲಿ, ಮೊದಲು ಒಂದು ಯಂತ್ರ, ಒಂದು ದಿನ ಬಿಟ್ಟು ಹತ್ತು, ಆಮೇಲೆ ಉಳಿದವು. ಬಾಕಿ ಎಲ್ಲ ವಾರಕ್ಕೊಮ್ಮೆ. ಶುಕ್ರವಾರ ಸಂಜೆ ಮಾತ್ರ ಏನೂ ಇಲ್ಲ, ಬಾಸ್ ಬಂದು ನಿಂತರೂ ಇಲ್ಲ.

ಸಾಲುಸಂಖ್ಯೆ:
ಕ್ಷಮಿಸಿ, ಇದರಲ್ಲಿ ಒಂದು ಓರೆ ಇದೆ. ಆ ಜುಲೈನಲ್ಲಿ ಎಷ್ಟೋ ಜನ ನೀವು ಹೇಳಿದ ಹಾಗೇ 'ಒಂದು ಆವೃತ್ತಿ ಹಿಂದೆ ಇರು' ಅಂತ ಸೆಟ್ಟಿಂಗ್ ಹಾಕಿಕೊಂಡಿದ್ದರು. ಆದರೂ ಬಿದ್ದರು. ಯಾಕೆಂದರೆ ಆ ಸೆಟ್ಟಿಂಗ್ ಇದ್ದದ್ದು ಸಾಫ್ಟ್‌ವೇರ್ ಆವೃತ್ತಿಗೆ. ಬಂದದ್ದು ನಿಯಮಗಳ ಕಂಟೆಂಟ್ ಅಪ್‌ಡೇಟ್. ಅದಕ್ಕೆ ಈ ಸಾಲು-ಸರತಿ ಅನ್ವಯ ಆಗುತ್ತಲೇ ಇರಲಿಲ್ಲ. ನಿಮ್ಮ 'ಮೊದಲು ಒಂದು ಯಂತ್ರ' ಪದ್ಧತಿಯೂ ಅವತ್ತು ಉಳಿಸುತ್ತಿರಲಿಲ್ಲ.

ಎಕ್ಸ್‌ಜೆಡ್ ವಿಷಯದಲ್ಲೂ ಸ್ಟೇಬಲ್‌ನವರು ಉಳಿದದ್ದು ಅದೃಷ್ಟ. ಇನ್ನೊಂದಷ್ಟು ತಿಂಗಳು ಯಾರೂ ಗಮನಿಸದೇ ಇದ್ದಿದ್ದರೆ ಅದು ಸ್ಟೇಬಲ್‌ಗೂ ಬಂದು ಕೂರುತ್ತಿತ್ತು. ಕಾಯುವುದರಿಂದ ಲಾಭ ಆಗುವುದು ಆ ಹೊತ್ತಿನಲ್ಲಿ ಬೇರೆ ಯಾರೋ ಕಣ್ಣು ತೆರೆದು ನೋಡುತ್ತಿದ್ದರೆ ಮಾತ್ರ.

ರಾತ್ರಿಪಾಳಿ:
ಒಪ್ಪಿದೆ. ಕಂಟೆಂಟ್ ಅಪ್‌ಡೇಟ್ ಮಾತು ನಾನು ಜಾರಿಸಿಬಿಟ್ಟೆ. ಹೊಸದಾಗಿ ಏನೇ ಕೊಳ್ಳುವಾಗಲೂ ಈಗ ಮಾರಲು ಬಂದವರನ್ನು ಇದನ್ನೇ ಕೇಳುತ್ತೇನೆ. 'ನನ್ನನ್ನು ಕೇಳದೆ ನನ್ನ ಯಂತ್ರಕ್ಕೆ ಏನೇನು ಬರುತ್ತದೆ?' ನೇರ ಉತ್ತರ ಕೊಟ್ಟವರು ಕಡಿಮೆ.

ಮೂರನೇಪ್ರತಿ:
ಬ್ಯಾಕಪ್ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ನಾನು ಬಂದೆ.

ನನ್ನ ಕಥೆ. ಒಂದು ಸರ್ವರ್‌ನಲ್ಲಿ ನೆಟ್‌ವರ್ಕ್ ಡಿಸ್ಕ್ ಒಂದನ್ನು ಮೌಂಟ್ ಮಾಡಿದ್ದೆ, ಅಂದರೆ ಒಂದು ಫೋಲ್ಡರ್‌ಗೆ ಜೋಡಿಸಿದ್ದೆ. ದಿನಾ ರಾತ್ರಿ ಎರಡಕ್ಕೆ ನಿಗದಿತ ಹೊತ್ತಿಗೆ ಕೆಲಸ ಓಡಿಸುವ ಕ್ರಾನ್ ಎದ್ದು, ಅದನ್ನು ಆರ್‌ಸಿಂಕ್ ಎಂಬ ನಕಲು ಟೂಲ್‌ನಿಂದ ಇನ್ನೊಂದು ಯಂತ್ರಕ್ಕೆ ನಕಲು ಮಾಡುತ್ತಿತ್ತು. ಮೂಲದಲ್ಲಿ ಅಳಿಸಿದ್ದನ್ನು ನಕಲಿನಲ್ಲೂ ಅಳಿಸಲಿ ಅಂತ ಡಿಲೀಟ್ ಆಪ್ಷನ್ ಹಾಕಿದ್ದೆ. ಜಾಗ ಉಳಿಯುತ್ತದಲ್ಲ ಅಂತ ಜಾಣತನ. ಒಂದು ದಿನ ಸರ್ವರ್ ರೀಬೂಟ್ ಆಯಿತು. ಡಿಸ್ಕ್ ಮೌಂಟ್ ಆಗಲಿಲ್ಲ. ಫೋಲ್ಡರ್ ಇದೆ, ಒಳಗೆ ಏನೂ ಇಲ್ಲ. ರಾತ್ರಿ ಎರಡಕ್ಕೆ ಆರ್‌ಸಿಂಕ್ ಬಂದು ನೋಡಿತು. 'ಓಹೋ, ಮೂಲ ಖಾಲಿ ಆಗಿದೆ' ಅಂತ ನಕಲನ್ನೂ ನಿಷ್ಠೆಯಿಂದ ಖಾಲಿ ಮಾಡಿತು. ಬೆಳಿಗ್ಗೆ ಇಮೇಲ್‌ನಲ್ಲಿ 'ಬ್ಯಾಕಪ್ ಯಶಸ್ವಿ' ಅಂತ ಹಸಿರು ಅಕ್ಷರ. ಎಂದಿಗಿಂತ ಬೇಗ ಮುಗಿದಿದೆ ಅಂತ ಖುಷಿಯನ್ನೂ ಪಟ್ಟಿದ್ದೆ.

ಮೂಲ ಡಿಸ್ಕ್‌ಗೆ ಏನೂ ಆಗಿರಲಿಲ್ಲ, ಅದಕ್ಕೆ ಬಚಾವ್. ಈಗ ಆ ಫೋಲ್ಡರ್ ಒಳಗೆ ಒಂದು ಗುರುತಿನ ಫೈಲ್ ಇಟ್ಟಿದ್ದೇನೆ. ಸ್ಕ್ರಿಪ್ಟ್ ಮೊದಲು ಅದು ಇದೆಯಾ ಅಂತ ನೋಡುತ್ತದೆ. ಇಲ್ಲದಿದ್ದರೆ ಏನೂ ಮಾಡದೆ ನನ್ನನ್ನು ಎಬ್ಬಿಸುತ್ತದೆ.

ದೊಡ್ಡವರ ಕಥೆಯೂ ಹೀಗೇ. 2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ದಣಿದಿದ್ದ ಇಂಜಿನಿಯರ್ ಒಬ್ಬರು ಎರಡನೇ ಡೇಟಾಬೇಸ್ ಅಂದುಕೊಂಡು ಮುಖ್ಯ ಡೇಟಾಬೇಸ್‌ನ ಫೋಲ್ಡರ್ ಅಳಿಸಿದರು. ಅರಿವಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ 4.5 ಜಿಬಿ ಉಳಿದಿತ್ತು. ಬ್ಯಾಕಪ್ ನೋಡಿದರೆ ಅದೂ ಇಲ್ಲ. ಡಂಪ್ (ಡೇಟಾಬೇಸ್‌ನ ನಕಲು) ತೆಗೆಯುವ ಪ್ರೋಗ್ರಾಂ ಹಳೆಯ ಆವೃತ್ತಿಯದ್ದು, ದಿನಾ ಫೇಲ್ ಆಗುತ್ತಿತ್ತು. ಫೇಲ್ ಆಯಿತು ಅಂತ ಹೇಳುವ ಇಮೇಲ್‌ಗಳನ್ನು ಮೇಲ್ ಸರ್ವರ್ ತಿರಸ್ಕರಿಸುತ್ತಿತ್ತು! ಆರು ಗಂಟೆ ಮುಂಚೆ ಬೇರೆ ಯಾವುದೋ ಕೆಲಸಕ್ಕೆ ಅದೇ ಇಂಜಿನಿಯರ್ ಕೈಯಿಂದ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಅವರನ್ನು ಕಾಪಾಡಿತು. ನಡೆದದ್ದನ್ನೆಲ್ಲ ಅವರು ಮುಚ್ಚಿಡದೆ ಬರೆದರು. ಅದಕ್ಕೆ ನನಗೆ ಅವರ ಮೇಲೆ ಗೌರವ.

ತಮ್ಮಾ ಹೊಸಬ, ನೀನು ಯಾವತ್ತಾದರೂ ರಿಸ್ಟೋರ್ ಮಾಡಿ ನೋಡಿದ್ದೀಯಾ?

ಹೊಸಬ_01:
ಇಲ್ಲ ಸರ್. ಬ್ಯಾಕಪ್ ದಿನಾ ಆಗುತ್ತದೆ. ಎನ್‌ಕ್ರಿಪ್ಟ್ ಮಾಡಿ ಹೊರಗೆ ಕಳಿಸುತ್ತೇವೆ. ರಿಸ್ಟೋರ್ ಮಾಡುವ ಸಂದರ್ಭ ಬಂದಿಲ್ಲ.

ಮೂರನೇಪ್ರತಿ:
ಶನಿವಾರ ಮಾಡು. ಒಂದು ಖಾಲಿ ಯಂತ್ರ ತಗೊಂಡು, ಹಳೆಯ ಸರ್ವರ್ ಸುಟ್ಟುಹೋಗಿದೆ ಅಂತ ತಿಳಿದುಕೊಂಡು ಮಾಡು. ಗಡಿಯಾರ ನೋಡಿಕೋ. ಎಷ್ಟು ಹೊತ್ತಾಯಿತು ಹೇಳು.

ಕಪ್ಪುಪರದೆ:
ತಪ್ಪು ಯಂತ್ರ ಅಂದಿದ್ದಕ್ಕೆ ನೆನಪಾಯಿತು. ನನ್ನ ಟರ್ಮಿನಲ್‌ನಲ್ಲಿ ಪ್ರೊಡಕ್ಷನ್ (ಜನ ನಿಜವಾಗಿ ಬಳಸುವ) ಸರ್ವರ್ ಆದರೆ ಪ್ರಾಂಪ್ಟ್, ಅಂದರೆ ಕಮಾಂಡ್ ಟೈಪ್ ಮಾಡುವ ಸಾಲಿನ ಆರಂಭ, ಕೆಂಪು, ಟೆಸ್ಟ್ ಆದರೆ ಹಸಿರು. ಮಕ್ಕಳಾಟ ಅನ್ನಿಸಬಹುದು. ಎರಡು ಸಲ ನನ್ನ ಕೆಲಸ ಉಳಿಸಿದೆ.

ಬೇರೆಯವರು ಯಾವ ಟೂಲ್ ಇಲ್ಲದೆ ಬದುಕುವುದಿಲ್ಲ?

ರಾತ್ರಿಪಾಳಿ:
ಟಿಮಕ್ಸ್. ಅಪ್‌ಗ್ರೇಡ್ ನಡುವೆ ಕನೆಕ್ಷನ್ ಹೋದರೂ ಕೆಲಸ ಅಲ್ಲೇ ನಡೆಯುತ್ತಿರುತ್ತದೆ, ವಾಪಸ್ ಬಂದು ಸೇರಿಕೊಂಡರೆ ಆಯಿತು.

ಇನ್ನೊಂದು ಯಾರೂ ಹೊಗಳದ ಕಮಾಂಡ್: ಆ್ಯಟ್. ದೂರದ ಸರ್ವರ್‌ನ ಫೈರ್‌ವಾಲ್ ಬದಲಾಯಿಸುವ ಮುಂಚೆ 'ಐದು ನಿಮಿಷದ ಮೇಲೆ ಹಳೆಯ ನಿಯಮ ವಾಪಸ್ ಹಾಕು' ಅಂತ ಅದಕ್ಕೆ ಹೇಳಿಡುತ್ತೇನೆ. ಬದಲಾಯಿಸಿದ ಮೇಲೆ ನಾನು ಒಳಗೇ ಇದ್ದರೆ ಅದನ್ನು ರದ್ದು ಮಾಡುತ್ತೇನೆ. ಹೊರಗೆ ಬಿದ್ದರೆ ಐದು ನಿಮಿಷ ಕೈಕಟ್ಟಿ ಕೂರುತ್ತೇನೆ. ಇದು ಗೊತ್ತಿಲ್ಲದಿದ್ದಾಗ ಒಮ್ಮೆ ಎಸ್‌ಎಸ್‌ಎಚ್ ಬಳಸುವ 22ನೇ ಪೋರ್ಟ್ ನಾನೇ ಮುಚ್ಚಿಕೊಂಡು, ರಾತ್ರಿ ಡೇಟಾ ಸೆಂಟರ್‌ವರೆಗೆ ಗಾಡಿ ಓಡಿಸಿದ್ದೇನೆ.

ಆ 22ರ ಹಿಂದೆ ಒಂದು ಚಂದದ ಸಂಗತಿ ಇದೆ. 1995ರಲ್ಲಿ ಫಿನ್ಲೆಂಡ್‌ನ ತಾತು ಯ್ಲೋನೆನ್ ಎಸ್‌ಎಸ್‌ಎಚ್ ಬರೆದರು. ಅವರ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್ ಕದ್ದದ್ದೇ ಕಾರಣ. ಫೈಲ್ ಕಳಿಸುವ ಎಫ್‌ಟಿಪಿಗೆ ಪೋರ್ಟ್ 21, ದೂರದಿಂದ ಲಾಗಿನ್ ಆಗುವ ಟೆಲ್ನೆಟ್‌ಗೆ 23. ಇವೆರಡರ ಜಾಗಕ್ಕೂ ಬರಬೇಕು ಅಂತ ಬರೆದದ್ದು, ನಡುವೆ 22 ಖಾಲಿ ಇತ್ತು. ಪೋರ್ಟ್ ಸಂಖ್ಯೆ ಹಂಚುವವರನ್ನು ಕೇಳಿದರು, ಕೊಟ್ಟರು. ಅಷ್ಟೇ.

ಸಾಲುಸಂಖ್ಯೆ:
ಈಗ ಎಲ್ಲರೂ ಎಐ ಎಐ ಅನ್ನುತ್ತಾರೆ. ನೀವು ಬಳಸುತ್ತೀರಾ?

ರಾತ್ರಿಪಾಳಿ:
ಬಳಸುತ್ತೇನೆ. ಪಠ್ಯದಲ್ಲಿ ಬೇಕಾದ್ದನ್ನು ಹುಡುಕಿ ತೆಗೆಯುವ ಆಕ್, ರೆಜೆಕ್ಸ್ ಬರೆಯಲು ಮೊದಲಿನಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ. ಹಳೆಯ ಪರ್ಲ್ ಸ್ಕ್ರಿಪ್ಟ್ ಏನು ಮಾಡುತ್ತದೆ ಅಂತ ಕೇಳಲೂ ಒಳ್ಳೆಯದು. ಆದರೆ ಒಮ್ಮೆ ಇಲ್ಲದ ಆಪ್ಷನ್ ಒಂದನ್ನು ಎಷ್ಟು ವಿಶ್ವಾಸದಿಂದ ಹೇಳಿತೆಂದರೆ, ನಾನು ಮ್ಯಾನ್ ಪೇಜ್ (ಕಮಾಂಡ್‌ನ ಕೈಪಿಡಿ) ತೆರೆದು ನನ್ನ ಮೇಲೇ ಅನುಮಾನ ಪಟ್ಟೆ. ಇಂಟರ್ನೆಟ್‌ನಿಂದ ಡೇಟಾ ತರುವ ಟೂಲ್ ಕರ್ಲ್ ಬರೆದ ಡೇನಿಯಲ್ ಸ್ಟೆನ್‌ಬರ್ಗ್ ಬಹಿರಂಗವಾಗಿಯೇ ಬೇಸತ್ತಿದ್ದಾರೆ. ಎಐ ಹೆಣೆದ ಸುಳ್ಳು ಭದ್ರತಾ ದೂರುಗಳನ್ನು ಓದಿ ತಳ್ಳಿಹಾಕುವುದೇ ಅವರ ತಂಡಕ್ಕೆ ಒಂದು ಕೆಲಸ ಆಗಿತ್ತು. ನನಗೆ ಅರ್ಥವಾಗದ ಕಮಾಂಡನ್ನು ಕೆಂಪು ಪ್ರಾಂಪ್ಟ್‌ನಲ್ಲಿ ಅಂಟಿಸುವುದಿಲ್ಲ. ಮನುಷ್ಯರು ಕೊಟ್ಟದ್ದಾದರೂ ಅಷ್ಟೇ.

ಸಾಲುಸಂಖ್ಯೆ:
ಲೈಸೆನ್ಸ್ ಸುದ್ದಿ? 2023ರ ಆಗಸ್ಟ್‌ನಲ್ಲಿ ಸರ್ವರ್ ಕಟ್ಟುವ ಟೂಲ್ ಟೆರ್ರಾಫಾರ್ಮ್, 2024ರ ಮಾರ್ಚ್‌ನಲ್ಲಿ ಡೇಟಾಬೇಸ್ ರೆಡಿಸ್ ತಮ್ಮ ಓಪನ್ ಸೋರ್ಸ್ ಲೈಸೆನ್ಸ್ ಬಿಟ್ಟವು. ಒಂದರಿಂದ ಓಪನ್‌ಟೋಫು ಹುಟ್ಟಿತು, ಇನ್ನೊಂದರಿಂದ ವಾಲ್ಕೀ.

ರಾತ್ರಿಪಾಳಿ:
ಅದು ಮುಂದಿನ ವರ್ಷದ ರಾತ್ರಿ. ಓದಿ ಗುರುತು ಹಾಕಿಕೊಳ್ಳುತ್ತೇನೆ. ಸರ್ವರ್‌ಗಳಲ್ಲಿ ಓಡುವ ಲಿನಕ್ಸ್ ಆದ ಸೆಂಟ್‌ಒಎಸ್ 8ಕ್ಕೆ 2029ರವರೆಗೆ ಬೆಂಬಲ ಅಂದವರು 2020ರ ಡಿಸೆಂಬರ್‌ನಲ್ಲಿ 'ಮುಂದಿನ ವರ್ಷವೇ ಕೊನೆ' ಅಂದರು. ಅವತ್ತಿನಿಂದ 'ಇಂತಿಷ್ಟು ವರ್ಷ' ಅನ್ನುವ ಮಾತನ್ನು ಪೆನ್ಸಿಲ್‌ನಲ್ಲಿ ಬರೆದುಕೊಳ್ಳುತ್ತೇನೆ. ಪೆನ್ನಿನಲ್ಲಿ ಬರೆದದ್ದು ಒಂದೇ: 2038ರ ಜನವರಿ 19. ಸೆಕೆಂಡ್‌ಗಳನ್ನು 32 ಬಿಟ್‌ನಲ್ಲಿ ಎಣಿಸುವ ಕಂಪ್ಯೂಟರ್ ಗಡಿಯಾರಗಳು ಅವತ್ತು ತುಂಬಿ ಚೆಲ್ಲುತ್ತವೆ.

ಕಪ್ಪುಪರದೆ:
ಡಿಎನ್‌ಎಸ್, ಸೈಟ್‌ನ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ, ಅದನ್ನೇ ಬಿಟ್ಟುಬಿಟ್ಟಿರಿ!

ರಾತ್ರಿಪಾಳಿ:
ಬಿಡಲು ಸಾಧ್ಯವಾ? 2025ರ ಅಕ್ಟೋಬರ್ 20ರಂದು ಅಮೆಜಾನ್‌ನ ಕ್ಲೌಡ್ ಎಡಬ್ಲ್ಯುಎಸ್‌ನ ದೊಡ್ಡ ರೀಜನ್ (ಡೇಟಾ ಸೆಂಟರ್‌ಗಳ ಗುಂಪು) ಬಿದ್ದದ್ದೂ ಅದರಿಂದಲೇ. ಡಿಎನ್‌ಎಸ್ ದಾಖಲೆ ಬರೆಯುವ ಎರಡು ಆಟೊಮೇಷನ್‌ಗಳು ಒಂದರ ಕಾಲು ಒಂದು ತುಳಿದವು. ಅವರ ಡೇಟಾಬೇಸ್ ಸೇವೆ ಡೈನಮೋಡಿಬಿಯ ವಿಳಾಸವೇ ಖಾಲಿ ಆಯಿತು.

ಆದರೆ ನನಗೆ ಪಾಠ ಕಲಿಸಿದ್ದು 2021ರ ಅಕ್ಟೋಬರ್ 4, ಫೇಸ್‌ಬುಕ್. ಸುಮಾರು ಆರು ಗಂಟೆ ಇಂಟರ್ನೆಟ್‌ನಿಂದಲೇ ಮಾಯ. ಮೇಂಟೆನೆನ್ಸ್ ವೇಳೆ ಹೋದ ಒಂದು ಕಮಾಂಡ್ ಅವರ ಒಳಗಿನ ನೆಟ್‌ವರ್ಕ್ ಕಡಿಯಿತು. ಡೇಟಾ ಸೆಂಟರ್ ಸಿಗದೇ ಹೋದಾಗ ಡಿಎನ್‌ಎಸ್ ಸರ್ವರ್‌ಗಳು 'ನಾವು ಸರಿ ಇಲ್ಲ' ಅಂತ ತಾವೇ ಹಿಂದೆ ಸರಿದವು. ಸರಿಮಾಡಲು ಬೇಕಾದ ಟೂಲ್‌ಗಳೂ ಅದೇ ನೆಟ್‌ವರ್ಕ್ ಮೇಲೆ. ಅವೂ ಇಲ್ಲ. ಮನೆಯೊಳಗೆ ಬೀಗದ ಕೈ ಬಿಟ್ಟು ಬಾಗಿಲು ಎಳೆದುಕೊಂಡ ಹಾಗೆ. ಅದನ್ನು ಓದಿ ನಮ್ಮ ವಿಕಿ (ಕೆಲಸದ ಟಿಪ್ಪಣಿಗಳ ತಾಣ) ಎಲ್ಲಿದೆ ಅಂತ ನೋಡಿದೆ. 'ಸರ್ವರ್ ಬಿದ್ದರೆ ಏನು ಮಾಡಬೇಕು' ಎಂಬ ಪುಟ ಬೀಳಬಹುದಾದ ಅದೇ ಸರ್ವರ್ ಮೇಲೆ ಇತ್ತು. ಈಗ ಆ ಪುಟದ ಪ್ರಿಂಟ್ ನನ್ನ ಮೇಜಿನ ಖಾನೆಯಲ್ಲಿದೆ.

ಹೊಸಬ_01:
ಶನಿವಾರ ಕೂತೆ ಸರ್. ವರದಿ ಕೊಡುತ್ತೇನೆ, ನಗಬೇಡಿ.

ಖಾಲಿ ಯಂತ್ರ ಸಿಕ್ಕಿತು. ಹೊರಗಿನಿಂದ ಬ್ಯಾಕಪ್ ಇಳಿಸಲು ಒಂದು ಗಂಟೆ ಹತ್ತು ನಿಮಿಷ. ಫೈಲ್ ಎಲ್ಲ ಬಂತು. ತೆರೆಯಲು ಹೋದರೆ ಪಾಸ್‌ಫ್ರೇಸ್ ಕೇಳಿತು. ಸೀನಿಯರ್‌ಗೆ ಫೋನ್ ಮಾಡಿದೆ. ಅವರು ಇನ್ನೊಬ್ಬರಿಗೆ ಮಾಡಿದರು. ಅವರು ಕೆಲಸ ಬಿಟ್ಟು ಹೋದವರಿಗೆ ಮಾಡಿದರು.

ಮೂರನೇಪ್ರತಿ:
ಸಿಕ್ಕಿತಾ?

ಹೊಸಬ_01:
ಸಿಕ್ಕಿತು. ಬ್ಯಾಕಪ್ ಸ್ಕ್ರಿಪ್ಟ್ ಒಳಗೇ ಬರೆದಿಟ್ಟಿದ್ದರು. ಆ ಸ್ಕ್ರಿಪ್ಟ್ ಇರುವುದು ಹಳೆಯ ಸರ್ವರ್‌ನಲ್ಲಿ ಮಾತ್ರ, 'ಸುಟ್ಟುಹೋಗಿದೆ' ಅಂತ ನಾನು ತಿಳಿದುಕೊಂಡಿದ್ದೆನಲ್ಲ, ಅದರಲ್ಲಿ. ಅದರ ಇನ್ನೊಂದು ಪ್ರತಿ ಬ್ಯಾಕಪ್‌ನಲ್ಲೂ ಇದೆ, ಆದರೆ ಎನ್‌ಕ್ರಿಪ್ಟ್ ಆಗಿ.

ಮೂರನೇಪ್ರತಿ:
ನಗಲಿಲ್ಲ ತಮ್ಮಾ. ಈಗ ಎಲ್ಲಿಟ್ಟಿದ್ದೀಯ?

ಹೊಸಬ_01:
ಎರಡು ಕಡೆ ಇಟ್ಟಿದ್ದೇವೆ, ಒಂದು ಕಾಗದದಲ್ಲಿ. ಎಲ್ಲಿ ಅಂತ ಮಾತ್ರ ಇಲ್ಲಿ ಹೇಳುವುದಿಲ್ಲ ಸರ್.